ಹಳೆಯ ಲ್ಯಾಪ್‌ಟಾಪ್‌ನಲ್ಲಿ ಹಿಂದಿನ ವಿಂಡೋಸ್ ಆವೃತ್ತಿಯ ಅಳವಡಿಕೆ: ಅರ್ಜಿದಾರರಿಗೆ ಮಾಹಿತಿ

1. ಉದ್ದೇಶ

ಸರ್ಕಾರಿ ಸೇವೆಗಳಿಗೆ ಮನೆಯಿಂದಲೇ ಅರ್ಜಿ ಸಲ್ಲಿಸುವ ಸಾರ್ವಜನಿಕರಲ್ಲಿ ಹಲವರು ಹತ್ತು–ಹದಿನೈದು ವರ್ಷ ಹಳೆಯದಾದ ಲ್ಯಾಪ್‌ಟಾಪ್‌ಗಳನ್ನು ಬಳಸುತ್ತಾರೆ. ಇಂತಹ ಯಂತ್ರಗಳಲ್ಲಿ ವಿಂಡೋಸ್ 10 ನಿಧಾನವಾದಾಗ, ಖರೀದಿಯ ಸಮಯದಲ್ಲಿ ಬಂದಿದ್ದ ವಿಂಡೋಸ್ 7 ಅಥವಾ ವಿಂಡೋಸ್ ಎಕ್ಸ್‌ಪಿಯನ್ನು ಮರಳಿ ಅಳವಡಿಸುವುದುಂಟು. ಇದರಿಂದ ಯಂತ್ರವು ಚುರುಕಾಗಬಹುದು; ಆದರೆ ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸಲು ಅದು ಯೋಗ್ಯವಾಗಿ ಉಳಿಯುವುದಿಲ್ಲ. ಅಳವಡಿಕೆಯಲ್ಲಿ ಎಚ್ಚರ ತಪ್ಪಿದಲ್ಲಿ ಯಂತ್ರದಲ್ಲಿರುವ ದಾಖಲೆಗಳೂ ಅಳಿಸಿಹೋಗುತ್ತವೆ. ಆದ್ದರಿಂದ ಈ ಕೆಳಕಂಡ ಮಾಹಿತಿಯನ್ನು ಪೂರ್ಣವಾಗಿ ಓದಿದ ನಂತರವೇ ಮುಂದುವರಿಯತಕ್ಕದ್ದು.

2. ಯಾವ ಕೆಲಸಕ್ಕೆ ಸೂಕ್ತ, ಯಾವುದಕ್ಕೆ ಅಲ್ಲ

ವಿಂಡೋಸ್ ಎಕ್ಸ್‌ಪಿಗೆ ತಯಾರಕ ಸಂಸ್ಥೆಯಾದ ಮೈಕ್ರೋಸಾಫ್ಟ್‌ನ ಬೆಂಬಲವು 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಮುಕ್ತಾಯಗೊಂಡಿತು. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ಬೆಂಬಲ ಮುಗಿದ ಆವೃತ್ತಿಯಲ್ಲಿ ತರುವಾಯ ಕಂಡುಬರುವ ಭದ್ರತಾ ಲೋಪಗಳು ಸಾಮಾನ್ಯ ಬಳಕೆದಾರರ ಯಂತ್ರದಲ್ಲಿ ಹಾಗೆಯೇ ಉಳಿಯುತ್ತವೆ. 2017ರ ಮೇ ತಿಂಗಳಲ್ಲಿ ಹಲವು ದೇಶಗಳಿಗೆ ಹರಡಿದ ‘ವಾನ್ನಾಕ್ರೈ’ ಕುತಂತ್ರಾಂಶವು ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದನ್ನು ತಡೆಯುವ ಪರಿಷ್ಕರಣೆಯು ವಿಂಡೋಸ್ 7ಕ್ಕೆ ಅದೇ ವರ್ಷದ ಮಾರ್ಚ್‌ನಲ್ಲಿಯೇ ಬಿಡುಗಡೆಯಾಗಿದ್ದರೂ, ಅಳವಡಿಸಿಕೊಳ್ಳದವರು ತೊಂದರೆಗೊಳಗಾದರು.

ಕ್ರೋಮ್ ಬ್ರೌಸರ್ 2023ರಲ್ಲಿ ಬಿಡುಗಡೆಯಾದ ತನ್ನ 110ನೇ ಆವೃತ್ತಿಯಿಂದ ವಿಂಡೋಸ್ 7ರಲ್ಲಿ ಕಾರ್ಯ ನಿರ್ವಹಿಸುವುದಿಲ್ಲ. ಎಕ್ಸ್‌ಪಿಯೊಡನೆ ಬಳಸುವ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಇಂದಿನ ಸುರಕ್ಷಿತ ಜಾಲತಾಣಗಳು ತೆರೆಯದಿರುವುದೇ ಹೆಚ್ಚು.

ಹೀಗಾಗಿ ಹಿಂದಿನ ಆವೃತ್ತಿಯನ್ನು ಹಳೆಯ ಲೆಕ್ಕಪತ್ರ ತಂತ್ರಾಂಶ, ಹಳೆಯ ಪ್ರಿಂಟರ್ ಅಥವಾ ಸ್ಕ್ಯಾನರ್, ಹಿಂದೆ ಬೆರಳಚ್ಚು ಮಾಡಿದ ಕನ್ನಡ ಕಡತಗಳು ಇಂತಹ ಅಂತರ್ಜಾಲ ಬೇಡದ ಕೆಲಸಗಳಿಗೆ ಮಾತ್ರ ಬಳಸುವುದು ಸೂಕ್ತ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ ಹಾಗೂ ಒಟಿಪಿಯನ್ನು ಅಂತಹ ಯಂತ್ರದಲ್ಲಿ ನಮೂದಿಸಬಾರದು.

3. ಅಳವಡಿಕೆಗೆ ಮುನ್ನ

(ಅ) ದಾಖಲೆಗಳ ಪ್ರತಿ: ಪಹಣಿ, ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಛಾಯಾಚಿತ್ರ ಮುಂತಾದವುಗಳನ್ನು ಹೊರಗಿನ ಹಾರ್ಡ್‌ಡಿಸ್ಕ್ ಅಥವಾ ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳುವುದು. ನಕಲಾದ ಕಡತಗಳು ಬೇರೊಂದು ಗಣಕಯಂತ್ರದಲ್ಲಿ ತೆರೆಯುತ್ತವೆಯೇ ಎಂದು ಪರಿಶೀಲಿಸುವುದು.

(ಆ) ಕನ್ನಡ ಅಕ್ಷರಶೈಲಿಗಳು: ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳಲ್ಲಿ ಯುನಿಕೋಡ್ ಪೂರ್ವದ ಫಾಂಟ್ ಬಳಸಿ ಸಿದ್ಧಪಡಿಸಿದ ಕಡತಗಳು ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಆದ್ದರಿಂದ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಭಾಗದಿಂದ ಆ ಫಾಂಟ್‌ಗಳನ್ನೂ ನಕಲು ಮಾಡಿಕೊಳ್ಳತಕ್ಕದ್ದು.

(ಇ) ಪರವಾನಗಿ: ಲ್ಯಾಪ್‌ಟಾಪ್‌ನ ತಳಭಾಗದಲ್ಲಿ ಅಥವಾ ಬ್ಯಾಟರಿಯ ಅಡಿಯಲ್ಲಿ ಅಂಟಿಸಿರುವ ಚೀಟಿಯಲ್ಲಿ 25 ಅಕ್ಷರಗಳ ಕೀಲಿ ಸಂಖ್ಯೆ ಇರುತ್ತದೆ. ಬರೆದಿಟ್ಟುಕೊಳ್ಳುವುದು. ಚೀಟಿಯಲ್ಲಿರುವ ಆವೃತ್ತಿಯ ಡಿಸ್ಕನ್ನೇ ಬಳಸತಕ್ಕದ್ದು. ಕೀಲಿಯನ್ನು ಮುರಿದು ಹಂಚುವ ಡಿಸ್ಕ್‌ಗಳು ಕಾನೂನುಬಾಹಿರವಾಗಿದ್ದು, ಕುತಂತ್ರಾಂಶದ ಮೂಲವೂ ಆಗಬಹುದು.

(ಈ) ಡ್ರೈವರ್‌ಗಳು: ಲ್ಯಾಪ್‌ಟಾಪ್ ತಯಾರಕರ ಜಾಲತಾಣದಿಂದ ಮಾದರಿ ಸಂಖ್ಯೆಗೆ ಅನುಗುಣವಾದ ಡ್ರೈವರ್‌ಗಳನ್ನು ಮೊದಲೇ ಇಳಿಸಿಕೊಳ್ಳುವುದು. ಅಳವಡಿಕೆಯ ನಂತರ ವೈಫೈ ಕಾರ್ಯ ನಿರ್ವಹಿಸದಿದ್ದಲ್ಲಿ ಅದೇ ಯಂತ್ರದಿಂದ ಡ್ರೈವರ್ ಪಡೆಯಲಾಗದು.

(ಉ) ಸಾಮರ್ಥ್ಯ: ವಿಂಡೋಸ್ 7ರ 32 ಬಿಟ್ ಆವೃತ್ತಿಗೆ ಕನಿಷ್ಠ 1 ಜಿಬಿ ರ‍್ಯಾಮ್ ಮತ್ತು 16 ಜಿಬಿ ಖಾಲಿ ಸ್ಥಳ, 64 ಬಿಟ್ ಆವೃತ್ತಿಗೆ 2 ಜಿಬಿ ರ‍್ಯಾಮ್ ಮತ್ತು 20 ಜಿಬಿ ಖಾಲಿ ಸ್ಥಳ ಅಗತ್ಯ.

4. ಅಳವಡಿಸುವ ವಿಧಾನ

(ಅ) ಹಳೆಯ ಬ್ಯಾಟರಿಯನ್ನು ನಂಬದೆ, ಚಾರ್ಜರ್ ಜೋಡಿಸಿದ ಸ್ಥಿತಿಯಲ್ಲಿಯೇ ಕೆಲಸ ಆರಂಭಿಸುವುದು.

(ಆ) ಯಂತ್ರ ಚಾಲೂ ಆಗುವಾಗ ತಯಾರಕರು ಸೂಚಿಸಿರುವ ಕೀಲಿಯನ್ನು, ಸಾಮಾನ್ಯವಾಗಿ ಎಫ್2 ಅಥವಾ ಎಫ್12, ಒತ್ತಿ ಡಿಸ್ಕ್ ಅಥವಾ ಪೆನ್‌ಡ್ರೈವ್‌ನಿಂದ ಆರಂಭವಾಗುವಂತೆ ಹೊಂದಿಸುವುದು. ವಿಂಡೋಸ್ 7ರ ಡಿಸ್ಕ್‌ನಲ್ಲಿ ಯುಎಸ್‌ಬಿ 3.0 ಡ್ರೈವರ್ ಇರುವುದಿಲ್ಲವಾದ್ದರಿಂದ ಪೆನ್‌ಡ್ರೈವನ್ನು ಯುಎಸ್‌ಬಿ 2.0 ಕಿಂಡಿಗೆ ಜೋಡಿಸುವುದು.

(ಇ) ಎಕ್ಸ್‌ಪಿ ಅಳವಡಿಸುವಾಗ ನೀಲಿ ಪರದೆ ಬಂದು ಯಂತ್ರ ನಿಂತರೆ, ಬಯೋಸ್‌ನಲ್ಲಿ ಹಾರ್ಡ್‌ಡಿಸ್ಕ್ ವಿಧಾನವು ಎಎಚ್‌ಸಿಐ ಎಂದಿದೆಯೇ ನೋಡುವುದು. ಆಯ್ಕೆ ಲಭ್ಯವಿದ್ದಲ್ಲಿ ಅದನ್ನು ಐಡಿಇ ಎಂದು ಬದಲಾಯಿಸುವುದು.

(ಈ) ಡಿಸ್ಕ್‌ನ ಭಾಗಗಳನ್ನು ತೋರಿಸುವ ಪರದೆಯಲ್ಲಿ ವಿಶೇಷ ಗಮನ ಅಗತ್ಯ. ಇಲ್ಲಿ ‘ಡಿಲೀಟ್’ ಅಥವಾ ‘ಫಾರ್ಮ್ಯಾಟ್’ ಒತ್ತಿದ ಭಾಗದ ಮಾಹಿತಿ ಅಳಿಸಿಹೋಗುತ್ತದೆ. 3(ಅ)ರಲ್ಲಿ ತಿಳಿಸಿದ ಪರಿಶೀಲನೆ ಆಗದಿದ್ದಲ್ಲಿ ಈ ಹಂತವನ್ನು ದಾಟಬಾರದು.

5. ಅಳವಡಿಕೆಯ ತರುವಾಯ

ಮೊದಲು ದಿನಾಂಕ ಮತ್ತು ವೇಳೆಯನ್ನು ಪರಿಶೀಲಿಸುವುದು. ಒಳಗಿನ ಗುಂಡಿ ಬ್ಯಾಟರಿ ಬರಿದಾದ ಯಂತ್ರಗಳಲ್ಲಿ ದಿನಾಂಕವು ಹಲವು ವರ್ಷ ಹಿಂದಕ್ಕೆ ಹೋಗುವುದರಿಂದ, ಸರಿಯಾದ ಜಾಲತಾಣವನ್ನೂ ಬ್ರೌಸರ್ ಅಸುರಕ್ಷಿತವೆಂದು ತೋರಿಸಬಹುದು. ನಂತರ ಡ್ರೈವರ್‌ಗಳನ್ನೂ, ವಿಂಡೋಸ್ 7 ಆಗಿದ್ದಲ್ಲಿ ಸರ್ವಿಸ್ ಪ್ಯಾಕ್ 1 ಅನ್ನೂ ಅಳವಡಿಸಿ, ಕನ್ನಡ ಫಾಂಟ್‌ಗಳನ್ನು ಮರಳಿ ಸೇರಿಸುವುದು. ಎಕ್ಸ್‌ಪಿಯಲ್ಲಿ ಯುನಿಕೋಡ್ ಕನ್ನಡ ಸರಿಯಾಗಿ ಕಾಣಲು, ಭಾಷಾ ಆಯ್ಕೆಗಳಲ್ಲಿ ಸಂಕೀರ್ಣ ಲಿಪಿಗಳ ಬೆಂಬಲವನ್ನು ಮೂಲ ಡಿಸ್ಕ್‌ನಿಂದ ಸೇರಿಸತಕ್ಕದ್ದು.

6. ಪರ್ಯಾಯ ಮಾರ್ಗಗಳು

ಯಂತ್ರ ನಿಧಾನವಾಗಿರುವುದೇ ತೊಂದರೆಯಾಗಿದ್ದಲ್ಲಿ, ತಿರುಗುವ ಹಾರ್ಡ್‌ಡಿಸ್ಕ್ ಬದಲಿಗೆ ಎಸ್‌ಎಸ್‌ಡಿ ಹಾಕಿಸುವುದು ಹಾಗೂ ರ‍್ಯಾಮ್ ಹೆಚ್ಚಿಸುವುದು ಉಪಯುಕ್ತ. ಅಂತರ್ಜಾಲ ಬಳಕೆಗೆ, ಬೆಂಬಲ ಚಾಲ್ತಿಯಲ್ಲಿರುವ ಹಗುರವಾದ ಲಿನಕ್ಸ್ ಆವೃತ್ತಿಗಳು ಉಚಿತವಾಗಿ ಲಭ್ಯವಿವೆ. ಅವುಗಳಲ್ಲಿ ಹಲವನ್ನು, ಹಾರ್ಡ್‌ಡಿಸ್ಕ್‌ಗೆ ಏನನ್ನೂ ಬರೆಯದೆ, ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು. ಡಿಜಿಟಲ್ ಸಹಿಯ ಟೋಕನ್ ಬಳಸುವವರು ಅದರ ಡ್ರೈವರ್ ಲಿನಕ್ಸ್‌ಗೆ ಲಭ್ಯವಿದೆಯೇ ಎಂದು ಮುಂಚಿತವಾಗಿ ವಿಚಾರಿಸುವುದು.

ಮನೆಯ ಯಂತ್ರದಿಂದ ಅರ್ಜಿ ಸಲ್ಲಿಸಲು ಸಾಧ್ಯವಾಗದವರು ಗ್ರಾಮ ಒನ್, ಕರ್ನಾಟಕ ಒನ್ ಅಥವಾ ಬೆಂಗಳೂರು ಒನ್ ಕೇಂದ್ರಗಳಲ್ಲಿ ತಮಗೆ ಬೇಕಾದ ಸೇವೆ ಲಭ್ಯವಿದೆಯೇ ಎಂದು ವಿಚಾರಿಸಿ ಅರ್ಜಿ ಸಲ್ಲಿಸಬಹುದು. ಅರ್ಜಿಯ ಕೊನೆಯ ದಿನಾಂಕ ಸಮೀಪಿಸಿರುವಾಗ ಅಳವಡಿಕೆಯ ಕೆಲಸಕ್ಕೆ ಕೈಹಾಕದೆ, ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆದ ನಂತರವೇ ಅದನ್ನು ಕೈಗೊಳ್ಳಲು ಸಾರ್ವಜನಿಕರಲ್ಲಿ ಕೋರಲಾಗಿದೆ.