ತೂತಿಗೆ ಮುಂಚಿನ ಗೆರೆ: ತೊಗಲುಗೊಂಬೆಯಲ್ಲಿ ಅಭಿಮನ್ಯುವಿನ ಸಾವು

ಬಿಡದಿ ದಾಟಿ ಮೈಸೂರು ರಸ್ತೆಯಲ್ಲೇ ಮುಂದುವರಿದರೆ ರಾಮನಗರ, ಚನ್ನಪಟ್ಟಣಗಳ ನಡುವೆ ಜಾನಪದ ಲೋಕ ಸಿಗುತ್ತದೆ. ಎಚ್.ಎಲ್. ನಾಗೇಗೌಡರು 1994ರಲ್ಲಿ ಕಟ್ಟಿ ನಿಲ್ಲಿಸಿದ ಈ ಸಂಗ್ರಹಾಲಯದ ಲೋಕಮಹಲಿನಲ್ಲಿ ತೊಗಲುಗೊಂಬೆಗಳಿವೆ. ನೋಡುವವರ ಕಣ್ಣು ಮೊದಲು ಬಣ್ಣಕ್ಕೆ, ಆಮೇಲೆ ತೂತುಗಳ ಕುಸುರಿಗೆ ಹೋಗುತ್ತದೆ. ಇವೆರಡಕ್ಕೂ ಮುಂಚೆ ಚರ್ಮದ ಮೇಲೆ ಬಿದ್ದ ಗೆರೆಯನ್ನು ಕುರಿತದ್ದು ಈ ಲೇಖನ.

ಆಡಿನ ಚರ್ಮವನ್ನು ನೆನೆಸಿ, ಕೂದಲು ಹೆರೆದು, ಬಿಗಿಯಾಗಿ ಎಳೆದು ಒಣಗಿಸಿದರೆ ಅದು ಬೆಳಕು ಹಾಯುವಷ್ಟು ತೆಳುವಾಗುತ್ತದೆ. ಮೊನಚು ಕಬ್ಬಿಣದಿಂದ ಅದರ ಮೇಲೆ ಚಿತ್ರ ಗೀರಿ, ಸಣ್ಣ ಉಳಿಗಳಿಂದ ತೂತು ಹೊಡೆದು, ಎರಡೂ ಬದಿಗೆ ಬಣ್ಣ ಹಚ್ಚುತ್ತಾರೆ. ಯುರೋಪಿನ ತಾಮ್ರದ ಕೆತ್ತನೆಗಾರನ ದಾರಿ ಬೇರೆ. ಡಿಡೋ ರಾಣಿಯ ಆತ್ಮಹತ್ಯೆಯನ್ನು ರಾಫೆಲ್‌ನ ಕಲ್ಪನೆಯಂತೆ ತಾಮ್ರಕ್ಕಿಳಿಸಿದ ಮಾರ್ಕಾಂಟೋನಿಯೊ ರೈಮೊಂಡಿಗೆ ಕರಡು ಕಾಗದದಲ್ಲಿತ್ತು, ಕೆತ್ತನೆ ಲೋಹದಲ್ಲಿತ್ತು. ಅಚ್ಚಿನಲ್ಲಿ ಎಡಬಲ ಅದಲುಬದಲಾಗುವ ಲೆಕ್ಕವನ್ನೂ ಅವನು ಇಟ್ಟುಕೊಳ್ಳಬೇಕಿತ್ತು. ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತ ಸಮುದಾಯದವರ ಗೊಂಬೆಯಲ್ಲಿ ಕರಡೂ ಕೃತಿಯೂ ಒಂದೇ ತೊಗಲು. ಅದನ್ನು ಯಾವ ಬದಿಯಿಂದ ಹಿಡಿದರೂ ಆಟ ನಡೆಯುತ್ತದೆ.

ಕರ್ನಾಟಕದ ಗೊಂಬೆಗಳಲ್ಲಿ ಹಲವು ಪಾತ್ರಗಳ ಇಡೀ ದೃಶ್ಯವೊಂದು ಒಂದೇ ಚರ್ಮದಲ್ಲಿ ಬರುವುದುಂಟು. ಚಕ್ರವ್ಯೂಹದ ಅಭಿಮನ್ಯುವನ್ನು ಹಾಗೆ ತೋರಿಸಬೇಕೆಂದುಕೊಳ್ಳಿ. ಬಿದ್ದ ದೇಹವನ್ನು ಬಿಡಿಯಾಗಿ ಕತ್ತರಿಸಿದರೆ ಚಾಚಿದ ತೋಳು ಜೋತುಬೀಳುತ್ತದೆ. ಆದ್ದರಿಂದ ನೆಲ, ಮುರಿದ ರಥದ ಗಾಲಿ, ಸುತ್ತಲ ಯೋಧರ ಕಾಲುಗಳೆಲ್ಲ ಒಂದಕ್ಕೊಂದು ತಾಗಿಕೊಂಡಿರುವಂತೆ ಗೆರೆಯಲ್ಲೇ ಹೊಂದಿಸಬೇಕು. ಒಡವೆಯ ಸಾಲಿನಲ್ಲಿ ಎರಡು ತೂತು ತೀರ ಹತ್ತಿರವಾದರೆ ನಡುವಿನ ಚರ್ಮ ಹರಿಯುತ್ತದೆ. ಪರದೆಯ ಹಿಂದೆ ಹರಳೆಣ್ಣೆ ದೀಪ ಹೊತ್ತಿದಾಗ ಎದ್ದುಕಾಣುವುದು ತೂತುಗಳೇ. ಬರಿಯ ಗೀರು ಮಂಕಾಗುತ್ತದೆ. ಎಂದರೆ ಗೆರೆ ಎಳೆಯುವವನು ಕತ್ತಲು ಎಲ್ಲಿ ಉಳಿಯಬೇಕೆಂಬುದನ್ನು ಆಗಲೇ ತೀರ್ಮಾನಿಸಿರುತ್ತಾನೆ. ಹಳೇಬೀಡಿನ ಶಿಲ್ಪಿಗೂ ಚಕ್ರವ್ಯೂಹ ಪ್ರಿಯವಾದ ವಸ್ತುವೇ. ಆದರೆ ಅವನ ಕಲ್ಲಿಗೆ ಈ ಹರಿಯುವ ಭಯವಿರಲಿಲ್ಲ. ವ್ಯೂಹದೊಳಗೆ ಸಿಕ್ಕಿಬಿದ್ದವನ ಇಕ್ಕಟ್ಟನ್ನು ತೊಗಲಿನ ಈ ನಿರ್ಬಂಧವೇ ಹೆಚ್ಚು ಚೆನ್ನಾಗಿ ಹೇಳುತ್ತದೆ ಎಂದು ನನ್ನ ಅಭಿಪ್ರಾಯ.

ಕಿಳ್ಳೇಕ್ಯಾತರು ರಾಮಾಯಣ, ಮಹಾಭಾರತಗಳನ್ನು ಚರ್ಮದ ಚಿತ್ರಗಳಿಂದ ಆಡಿಸುತ್ತಿದ್ದುದನ್ನು ಎಡ್ಗರ್ ಥರ್ಸ್ಟನ್ 1909ರಲ್ಲೇ ದಾಖಲಿಸಿದ್ದಾನೆ. ಮನೆಯಲ್ಲಿ ಮರಾಠಿ ಮೂಲದ ನುಡಿ, ಪರದೆಯ ಮೇಲೆ ಕನ್ನಡ. ಹಳೆಯ ಗೊಂಬೆಯ ಮೇಲೆ ಹೊಸ ತೊಗಲಿಟ್ಟರೆ ಕೆಳಗಿನ ರೂಪ ಕಾಣುತ್ತದೆ, ಅದನ್ನೇ ಗೀರಿಕೊಳ್ಳಬಹುದು. ಸವೆದ ಗೊಂಬೆಯನ್ನು ಹೊಳೆಗೆ ಬಿಡುವ ಪದ್ಧತಿಯೂ ಇತ್ತು. ಹೀಗಾಗಿ ಗೊಂಬೆಯ ವಯಸ್ಸು ಒಂದು, ಅದರ ಗೆರೆಯ ವಯಸ್ಸು ಇನ್ನೊಂದು. ಕಾಲನಿರ್ಣಯ ಮಾಡುವವರು ಬಣ್ಣವನ್ನೋ ಚರ್ಮವನ್ನೋ ಮಾತ್ರ ನಂಬಿದರೆ ಎಡವುತ್ತಾರೆ. ಹಳೆಯ ಗೊಂಬೆಗಳಲ್ಲಿ ಜಿಂಕೆಯ ಚರ್ಮವೂ ಉಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅದಕ್ಕೆ ಅವಕಾಶವಿಲ್ಲ, ಆದರೂ ಜಿಂಕೆ ಚರ್ಮದ ರೂಪ ಆಡಿನ ಚರ್ಮಕ್ಕೆ ದಾಟಬಹುದಿತ್ತು.

ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗಾಗಿ ಎಂ.ಎಸ್. ನಂಜುಂಡರಾವ್ ಇಂಥ ಗೊಂಬೆಗಳನ್ನು ಕೂಡಿಹಾಕಿದ್ದರಿಂದ ಹೊಳೆ ಸೇರಬಹುದಾಗಿದ್ದ ಎಷ್ಟೋ ಗೆರೆಗಳು ಅಧ್ಯಯನಕ್ಕೆ ಉಳಿದವು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಗಾಂಧೀಜಿಯ ಕಥೆಯನ್ನು ಪರದೆಗೆ ತಂದಾಗ ಸಮಸ್ಯೆ ತಿರುಗುಮುರುಗಾಯಿತು: ಕೆಳಗಿಟ್ಟು ಗೀರಿಕೊಳ್ಳಲು ಕನ್ನಡಕ ಹಾಕಿದ ಹಳೆಯ ಗೊಂಬೆ ಯಾವ ಪೆಟ್ಟಿಗೆಯಲ್ಲೂ ಇರಲಿಲ್ಲ.