ಬೆಳಕು, ಬೆಂಕಿ, ನೀರು: ಟೆಕ್ಸಾಸ್‌ನಲ್ಲಿ ಮೂರೂ ಒಟ್ಟಿಗೆ ನಿಂತ ವಾರ

2021ರ ಫೆಬ್ರವರಿ 15, ಸೋಮವಾರ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ನಡುರಾತ್ರಿ ದಾಟಿ ಎರಡು ಗಂಟೆ ಆಗುತ್ತಾ ಬಂದಿತ್ತು. ಹೊರಗೆ ಹಿಮ. ಟೇಲರ್ ಎಂಬ ಸಣ್ಣ ಪಟ್ಟಣದ ಕಂಟ್ರೋಲ್ ರೂಮಿನಲ್ಲಿ ಕೂತವರು ಗೋಡೆಯ ಮೇಲಿನ ಒಂದೇ ಒಂದು ಅಂಕಿಯನ್ನು ನೋಡುತ್ತಿದ್ದರು. ಅದು ಇಳಿಯುತ್ತಿತ್ತು.

ಆ ಅಂಕಿಯ ಹೆಸರು ಫ್ರೀಕ್ವೆನ್ಸಿ. ನಮ್ಮ ದೇಶದ ಕರೆಂಟಿನಲ್ಲಿ ಅದು 50 ಇರಬೇಕು, ಅಮೆರಿಕದಲ್ಲಿ 60. ಹೇರು ತುಂಬಿದ ಗಾಡಿಯಿಂದ ಒಂದು ಎತ್ತನ್ನು ಬಿಚ್ಚಿದರೆ ಉಳಿದ ಎತ್ತು ನಿಧಾನ ಆಗುತ್ತದಲ್ಲ, ಹಾಗೆಯೇ ಬೇಡಿಕೆ ಹೆಚ್ಚಾಗಿ ಉತ್ಪಾದನೆ ಕಡಿಮೆಯಾದರೆ ಈ ಅಂಕಿ ಕುಸಿಯುತ್ತದೆ. ಅಂದು ಅದು 59.4ಕ್ಕಿಂತ ಕೆಳಗೆ ಹೋಯಿತು. ಅಲ್ಲಿ ಒಂಬತ್ತು ನಿಮಿಷ ನಿಂತಿದ್ದರೆ, ಉಳಿದ ವಿದ್ಯುತ್ ಘಟಕಗಳೂ ತಮ್ಮ ಯಂತ್ರ ಉಳಿಸಿಕೊಳ್ಳಲು ತಾವಾಗಿಯೇ ಬಂದ್ ಆಗುತ್ತಿದ್ದವು. ನಿಂತದ್ದು 4 ನಿಮಿಷ 23 ಸೆಕೆಂಡು. ಪೂರ್ತಿ ಬಿದ್ದಿದ್ದರೆ ಮತ್ತೆ ಎಬ್ಬಿಸಲು ವಾರಗಳೇ ಬೇಕಾಗುತ್ತಿತ್ತು.

ಬೀಳದಂತೆ ತಡೆಯಲು ಒಂದೇ ದಾರಿ ಇತ್ತು. ಜನರ ಕರೆಂಟು ತೆಗೆಯುವುದು. ತೆಗೆದರು, ಒಟ್ಟು 20,000 ಮೆಗಾವ್ಯಾಟ್. ಆ ವರ್ಷ ನಮ್ಮ ಇಡೀ ಕರ್ನಾಟಕದ ಗರಿಷ್ಠ ಬೇಡಿಕೆಯೇ 15,000 ಮೆಗಾವ್ಯಾಟ್ ಮುಟ್ಟಿರಲಿಲ್ಲ. 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳು ಕತ್ತಲಾದವು. ಸರ್ಕಾರದ ಲೆಕ್ಕದಲ್ಲೇ ಆ ಚಳಿಗಾಳಿಗೆ ಸತ್ತವರು 246 ಮಂದಿ. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಸತ್ತದ್ದು ಚಳಿಗೆ ಮೈ ತಣ್ಣಗಾಗಿ. ಅಮೆರಿಕದಂಥ ದೇಶದಲ್ಲಿ, ಎಷ್ಟೋ ಮಂದಿ ತಮ್ಮ ಮನೆಯೊಳಗೇ.

ಟೆಕ್ಸಾಸ್ ನೆಲದಡಿ ಎಣ್ಣೆ ಇದೆ, ಗ್ಯಾಸ್ ಇದೆ. ಅಮೆರಿಕದಲ್ಲಿ ಅತಿ ಹೆಚ್ಚು ಗಾಳಿ ವಿದ್ಯುತ್ ಮಾಡುವ ರಾಜ್ಯವೂ ಅದೇ. ಅಲ್ಲೇ ಹೀಗಾಗಿದ್ದಕ್ಕೆ ಹಿಮವನ್ನಷ್ಟೇ ದೂರಿದರೆ ಆಗುವುದಿಲ್ಲ. ಸುಮಾರು 85 ವರ್ಷ ಹಿಂದಕ್ಕೆ ಹೋಗಬೇಕು.

1935ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಒಂದು ಕಾನೂನು ತಂದಿತು. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಕರೆಂಟು ಮಾರಿದರೆ ಅದರ ಮೇಲೆ ಕೇಂದ್ರದ ಹಿಡಿತ ಇರುತ್ತದೆ ಅಂತ. ಟೆಕ್ಸಾಸ್‌ನ ಕಂಪನಿಗಳಿಗೆ ಈ ಹಿಡಿತ ಬೇಡವಾಗಿತ್ತು. ಅವು ಮಾಡಿದ ಉಪಾಯ ಸರಳ: ರಾಜ್ಯದ ಗಡಿ ದಾಟಿ ತಂತಿ ಎಳೆಯುವುದೇ ಬೇಡ. ಎರಡನೇ ಮಹಾಯುದ್ಧದ ಹೊತ್ತಿಗೆ, 1941ರಲ್ಲಿ, ರಾಜ್ಯದೊಳಗಿನ ಕಂಪನಿಗಳು ತಮ್ಮ ತಮ್ಮಲ್ಲೇ ಜೋಡಿಸಿಕೊಂಡವು. 1970ರಲ್ಲಿ ಅದನ್ನೆಲ್ಲ ನೋಡಿಕೊಳ್ಳಲು ಎರ್ಕಾಟ್ ಎಂಬ ಸಂಸ್ಥೆ ಹುಟ್ಟಿತು. ಟೇಲರ್‌ನ ಆ ಕಂಟ್ರೋಲ್ ರೂಮ್ ಇದರದ್ದೇ.

ಈ ಹಟ ಎಲ್ಲಿಯವರೆಗೆ ಹೋಗಿತ್ತು ನೋಡಿ. 1976ರ ಮೇ 4ರ ರಾತ್ರಿ ಒಂದು ಕಂಪನಿ ಗುಟ್ಟಾಗಿ ಪಕ್ಕದ ಒಕ್ಲಹೋಮ ರಾಜ್ಯಕ್ಕೆ ಕೆಲವು ಗಂಟೆ ಕರೆಂಟು ಹರಿಸಿತು. ಆ ಕಂಪನಿಯ ಮಾಲೀಕರಿಗೆ ಎರಡೂ ರಾಜ್ಯಗಳಲ್ಲಿ ವ್ಯವಹಾರ ಇತ್ತು, ಜೋಡಿಸಿದರೆ ಅವರಿಗೆ ಲಾಭ. ವಿಷಯ ಗೊತ್ತಾದ ಕೂಡಲೇ ಉಳಿದ ಕಂಪನಿಗಳು ಅದರ ಜೊತೆಗಿದ್ದ ತಂತಿಯನ್ನೇ ಕಡಿದುಕೊಂಡವು. ವರ್ಷಗಟ್ಟಲೆ ಕೋರ್ಟು ಕಚೇರಿ ನಡೆಯಿತು. ಕೊನೆಗೆ ಅಮೆರಿಕದ ಪೂರ್ವ ಭಾಗದ ದೊಡ್ಡ ಗ್ರಿಡ್ಡಿಗೂ ಟೆಕ್ಸಾಸ್‌ಗೂ ನಡುವೆ ಉಳಿದದ್ದು ಎರಡು ಸಣ್ಣ ಕಿಂಡಿ, ಒಟ್ಟು 820 ಮೆಗಾವ್ಯಾಟ್. 20,000 ಬೇಕಾದ ರಾತ್ರಿ 820 ಯಾವ ಮೂಲೆಗೆ?

ಗ್ರಿಡ್ ಬೇರೆ ಇರುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ನಮ್ಮ ದಕ್ಷಿಣ ಭಾರತದ ಗ್ರಿಡ್ ಕೂಡ ಬಹಳ ಕಾಲ ಹೀಗೆ ಬೇರೆಯೇ ಇತ್ತು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾಗಿ 60 ಕೋಟಿಗೂ ಹೆಚ್ಚು ಜನ ಪರದಾಡಿದಾಗ ನಮ್ಮಲ್ಲಿ ಫ್ಯಾನು ತಿರುಗುತ್ತಿದ್ದದ್ದು ಅದರಿಂದಲೇ. ಆದರೆ ಅದೇ ಕಾರಣಕ್ಕೆ ಬೇರೆ ಕಡೆ ಕರೆಂಟು ಮಿಕ್ಕಿದಾಗಲೂ ನಮಗೆ ಬೇಕಾದಷ್ಟು ತರಲು ಆಗುತ್ತಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನು ಚಾಲೂ ಆದ ಮೇಲೆ ದೇಶವೆಲ್ಲ ಒಂದೇ ಗ್ರಿಡ್ ಆಯಿತು. ಬೇರೆ ಇರುವವರು ತಮ್ಮ ಮನೆಯನ್ನು ಹೆಚ್ಚು ಭದ್ರವಾಗಿ ಇಟ್ಟುಕೊಳ್ಳಬೇಕಾಗುತ್ತದೆ, ಅಷ್ಟೆ. ಟೆಕ್ಸಾಸ್ ಇಟ್ಟುಕೊಳ್ಳಲಿಲ್ಲ.

ಎಚ್ಚರಿಕೆ ಸಿಗಲಿಲ್ಲವೇ ಅಂದರೆ, ಎರಡು ಸಲ ಸಿಕ್ಕಿತ್ತು. 1989ರ ಡಿಸೆಂಬರ್‌ನಲ್ಲಿ ಇದೇ ರೀತಿ ಚಳಿ ಬಂದು ಘಟಕಗಳು ನಿಂತವು. ಯಂತ್ರಗಳಿಗೆ ಚಳಿಯ ರಕ್ಷಣೆ ಮಾಡಿ ಎಂದು ರಾಜ್ಯದ ಆಯೋಗ ವರದಿ ಬರೆಯಿತು. 2011ರ ಫೆಬ್ರವರಿಯಲ್ಲಿ ಮತ್ತೆ ಅದೇ ಕಥೆ, 32 ಲಕ್ಷ ಗ್ರಾಹಕರಿಗೆ ಕರೆಂಟು ಹೋಯಿತು. ಈ ಸಲ ಕೇಂದ್ರದವರು ದಪ್ಪ ವರದಿ ಬರೆದರು. ಪೈಪುಗಳಿಗೆ ಬೆಚ್ಚನೆಯ ಹೊದಿಕೆ ಸುತ್ತಿ, ಬಿಸಿ ತಂತಿ ಹಾಕಿ, ಗಾಳಿಗೆ ಮರೆ ಕಟ್ಟಿ ಎಂದರು. ಆದರೆ ಮಾಡಲೇಬೇಕು ಎಂಬ ಕಡ್ಡಾಯ ಇರಲಿಲ್ಲ. ಹತ್ತು ವರ್ಷಕ್ಕೊಮ್ಮೆ ಬರುವ ಚಳಿಗೆ ಇಂದೇ ಯಾಕೆ ದುಡ್ಡು ಸುರಿಯಬೇಕು ಎಂದು ಬಹುತೇಕ ಕಂಪನಿಗಳು ಸುಮ್ಮನಾದವು.

ಸುಮ್ಮನಾಗದ ಊರೂ ಒಂದಿದೆ. ರಾಜ್ಯದ ಪಶ್ಚಿಮ ತುದಿಯ ಎಲ್ ಪಾಸೊ. 2011ರಲ್ಲಿ ಅಲ್ಲಿಯ ಕಂಪನಿಯ ಸ್ಥಳೀಯ ಘಟಕಗಳು ಹೆಚ್ಚುಕಡಿಮೆ ಎಲ್ಲವೂ ಹೆಪ್ಪುಗಟ್ಟಿ ನಿಂತಿದ್ದವು. ಆಮೇಲೆ ಅವರು ದುಡ್ಡು ಹಾಕಿ ಹಳೆಯ ಘಟಕಗಳಿಗೆ ರಕ್ಷಣೆ ಮಾಡಿದರು. ಹೊಸದಾಗಿ ಕಟ್ಟಿದ್ದನ್ನು ಸೊನ್ನೆಗಿಂತ 23 ಡಿಗ್ರಿ ಕೆಳಗೂ ಓಡುವಂತೆ, ಗ್ಯಾಸ್ ಇಲ್ಲದಿದ್ದರೆ ಎಣ್ಣೆಯಲ್ಲೂ ಓಡುವಂತೆ ಕಟ್ಟಿದರು. 2021ರಲ್ಲಿ ಎಲ್ ಪಾಸೊದಲ್ಲಿ ಕರೆಂಟು ಹೋದದ್ದು ಸುಮಾರು 3,000 ಗ್ರಾಹಕರಿಗೆ ಮಾತ್ರ. ನ್ಯಾಯವಾಗಿ ಹೇಳಬೇಕೆಂದರೆ ಅಲ್ಲಿ ಡಲ್ಲಾಸ್‌ನಷ್ಟು ಚಳಿ ಇರಲಿಲ್ಲ. ಆ ಊರು ಎರ್ಕಾಟ್‌ಗೆ ಸೇರದೆ ಪಶ್ಚಿಮದ ದೊಡ್ಡ ಗ್ರಿಡ್ಡಿನಲ್ಲೂ ಇದೆ. ಆದರೂ 2011ಕ್ಕೂ 2021ಕ್ಕೂ ಇರುವ ವ್ಯತ್ಯಾಸ ಚಿಕ್ಕದಲ್ಲ.

ಉಳಿದ ಟೆಕ್ಸಾಸ್‌ನಲ್ಲಿ 1,045 ಘಟಕಗಳು ಕೈಕೊಟ್ಟವು ಅಥವಾ ಪೂರ್ತಿ ಓಡಲಿಲ್ಲ ಎಂದು ಆಮೇಲೆ ತನಿಖೆ ಹೇಳಿತು. ಈ ಲೆಕ್ಕದಲ್ಲಿ ಪಕ್ಕದ ಕೆಲವು ರಾಜ್ಯಗಳದ್ದೂ ಸೇರಿದೆ. ಗಾಳಿ ಗಿರಣಿ ಹೆಪ್ಪುಗಟ್ಟಿದ್ದೇ ಕಾರಣ ಎಂದು ಕೆಲವು ರಾಜಕಾರಣಿಗಳು ಟಿವಿಯಲ್ಲಿ ಕೂಗಿದರು. ಗಾಳಿ ಗಿರಣಿಗಳೂ ನಿಂತಿದ್ದು ನಿಜ. ಆದರೆ ಕೈಕೊಟ್ಟವುಗಳಲ್ಲಿ ನೂರಕ್ಕೆ 58 ಗ್ಯಾಸ್‌ನಿಂದ ಓಡುವ ಘಟಕಗಳು. ಹೆಪ್ಪುಗಟ್ಟಿ ನಿಂತ ಪ್ರಕರಣಗಳಲ್ಲಿ ನೂರಕ್ಕೆ 81, "ನಾವು ಇಷ್ಟು ಚಳಿಗೂ ಓಡುತ್ತೇವೆ" ಎಂದು ಆ ಘಟಕಗಳೇ ಬರೆದುಕೊಟ್ಟಿದ್ದ ಮಟ್ಟಕ್ಕೆ ಚಳಿ ಇಳಿಯುವ ಮೊದಲೇ ನಿಂತಿದ್ದವು.

ಇನ್ನೊಂದು ಸಂಗತಿ ನಂಬಲು ಕಷ್ಟ. ಭೂಮಿಯಿಂದ ಗ್ಯಾಸ್ ತೆಗೆದು ಪೈಪಿನಲ್ಲಿ ತಳ್ಳಲು ಹಲವು ಕಡೆ ಕರೆಂಟಿನ ಯಂತ್ರಗಳಿವೆ. ಕರೆಂಟು ಮಾಡಲು ಆ ಗ್ಯಾಸ್ ಬೇಕು. "ನಮ್ಮ ಕರೆಂಟು ತೆಗೆಯಬೇಡಿ" ಎಂದು ಆ ಗ್ಯಾಸ್ ಕಂಪನಿಗಳು ಮೊದಲೇ ಒಂದು ಅರ್ಜಿ ಕೊಟ್ಟಿರಬೇಕಿತ್ತು. ಹೆಚ್ಚಿನವು ಕೊಟ್ಟೇ ಇರಲಿಲ್ಲ. ಹಾಗಾಗಿ ಲೋಡ್ ಶೆಡ್ಡಿಂಗ್ ಮಾಡುವಾಗ ಗ್ಯಾಸ್ ಕೊಡುವ ಜಾಗಗಳ ಕರೆಂಟೂ ಹೋಯಿತು. ಗ್ಯಾಸ್ ನಿಂತಿತು. ಗ್ಯಾಸ್ ನಿಂತದ್ದಕ್ಕೆ ಇನ್ನಷ್ಟು ಘಟಕ ನಿಂತವು.

ಲೋಡ್ ಶೆಡ್ಡಿಂಗ್ ಅಂದರೆ ನಮಗೆ ಗೊತ್ತಿರುವುದು ಪಾಳಿ. ಈ ಊರಿಗೆ ಎರಡು ಗಂಟೆ, ಆ ಊರಿಗೆ ಎರಡು ಗಂಟೆ. ಟೆಕ್ಸಾಸ್‌ನಲ್ಲೂ ಹಾಗೆಯೇ ಆಗಬೇಕಿತ್ತು, ಆಗಲಿಲ್ಲ. ನಮ್ಮಲ್ಲಿ ಹೇಗೋ ಅಲ್ಲೂ ಕರೆಂಟು ತೆಗೆಯುವುದು ಫೀಡರ್ ಲೆಕ್ಕದಲ್ಲಿ. ಆಸ್ಪತ್ರೆ ಇರುವ ಫೀಡರ್ ಮುಟ್ಟುವಂತಿಲ್ಲ, ಫೈರ್ ಸ್ಟೇಷನ್ ಇರುವುದನ್ನು ಮುಟ್ಟುವಂತಿಲ್ಲ. ಉಳಿದ ಫೀಡರ್‌ಗಳನ್ನು ಹೆಚ್ಚುಕಡಿಮೆ ಎಲ್ಲ ತೆಗೆದರಷ್ಟೇ ಲೆಕ್ಕ ಸರಿಹೋಗುತ್ತಿತ್ತು. ಪಾಳಿ ಬದಲಿಸಲು ಕೈಯಲ್ಲಿ ಏನೂ ಉಳಿದಿರಲಿಲ್ಲ. ಹೀಗಾಗಿ ಆಸ್ಪತ್ರೆ ಪಕ್ಕದ ಬೀದಿಯವರಿಗೆ ಕರೆಂಟು ಹೋಗಲೇ ಇಲ್ಲ. ಅದರಾಚೆಯ ಬೀದಿಯವರಿಗೆ ಮೂರು ದಿನ ಬರಲೇ ಇಲ್ಲ. ಆಸ್ಟಿನ್ ನಗರದ ನಡುವೆ ಖಾಲಿ ಆಫೀಸು ಕಟ್ಟಡಗಳು ಝಗಮಗ ಎನ್ನುತ್ತಿದ್ದ ಫೋಟೋಗಳು ಆ ವಾರ ಎಲ್ಲೆಡೆ ಹರಿದಾಡಿದವು.

ಈಗ ಮನೆಯೊಳಗೆ ಬನ್ನಿ. ಫೆಬ್ರವರಿ 16ರಂದು ಡಲ್ಲಾಸ್‌ನಲ್ಲಿ ಸೊನ್ನೆಗಿಂತ 19 ಡಿಗ್ರಿ ಕೆಳಗೆ ಚಳಿ. ಟೆಕ್ಸಾಸ್‌ನ ಅರ್ಧಕ್ಕೂ ಹೆಚ್ಚು ಮನೆಗಳನ್ನು ಬೆಚ್ಚಗಿಡುವುದು ಕರೆಂಟೇ. ಕರೆಂಟು ಹೋದರೆ ಬೆಚ್ಚಗೂ ಹೋಯಿತು. ಬಿಸಿಲಿನ ನಾಡಿನ ಮನೆಗಳಾದ್ದರಿಂದ ನೀರಿನ ಪೈಪು ಹೊರಗೋಡೆಯಲ್ಲೋ ಸೂರಿನ ಕೆಳಗಿನ ಅಟ್ಟದಲ್ಲೋ ಹಾದುಹೋಗಿರುತ್ತದೆ. ಉತ್ತರದ ಹಿಮದ ರಾಜ್ಯಗಳಲ್ಲಿ ಪೈಪನ್ನು ಆಳಕ್ಕೆ ಹೂಳುತ್ತಾರೆ, ಒಳಗೋಡೆಯಲ್ಲಿ ತರುತ್ತಾರೆ. ಇಲ್ಲಿ ಅದರ ಅಗತ್ಯ ಯಾರಿಗೂ ಕಂಡಿರಲಿಲ್ಲ.

ನೀರು ಮಂಜುಗಡ್ಡೆ ಆದಾಗ ನೂರಕ್ಕೆ ಸುಮಾರು ಒಂಬತ್ತರಷ್ಟು ಹಿಗ್ಗುತ್ತದೆ. ತುಂಬಿದ ಗಾಜಿನ ಬಾಟಲಿಯನ್ನು ಫ್ರೀಜರಿನಲ್ಲಿ ಮರೆತು ಒಡೆದುಕೊಂಡವರಿಗೆ ಇದು ಗೊತ್ತು. ಆದರೆ ಪೈಪು ಸಾಮಾನ್ಯವಾಗಿ ಗಡ್ಡೆ ಇರುವ ಜಾಗದಲ್ಲೇ ಒಡೆಯುವುದಿಲ್ಲ. ಗಡ್ಡೆ ಬೆಳೆಯುತ್ತಾ ಮುಂದಿನ ನೀರನ್ನು ಮುಚ್ಚಿದ ನಲ್ಲಿಯ ಕಡೆಗೆ ಒತ್ತುತ್ತದೆ. ಆ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡ ವಿಪರೀತ ಏರಿ, ಎಲ್ಲಿ ಬಲ ಕಡಿಮೆಯೋ ಅಲ್ಲಿ ಸೀಳುತ್ತದೆ. ಅದಕ್ಕೇ ಚಳಿಯ ಊರುಗಳಲ್ಲಿ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡುತ್ತಾರೆ. ತೊಟ್ಟಿಕ್ಕಿದರೆ ಒತ್ತಡಕ್ಕೆ ದಾರಿ ಸಿಗುತ್ತದೆ. ಸಿಂಕಿನ ಕೆಳಗಿನ ಬಾಗಿಲು ತೆಗೆದಿಟ್ಟು ಮನೆಯ ಬೆಚ್ಚಗೆ ಪೈಪಿಗೂ ತಾಗುವಂತೆ ಮಾಡುತ್ತಾರೆ. ಮನೆ ಬಿಟ್ಟು ಹೋಗುವುದಾದರೆ ಮುಖ್ಯ ವಾಲ್ವ್ ಮುಚ್ಚಿ ಪೈಪಿನ ನೀರೆಲ್ಲ ಖಾಲಿ ಮಾಡುತ್ತಾರೆ. ತಮ್ಮ ಮನೆಯ ಮುಖ್ಯ ವಾಲ್ವ್ ಎಲ್ಲಿದೆ ಎಂಬುದೇ ಅನೇಕರಿಗೆ ಗೊತ್ತಿರಲಿಲ್ಲ.

ಒಡೆದದ್ದು ಗೊತ್ತಾದದ್ದು ಚಳಿಯಲ್ಲಲ್ಲ, ಚಳಿ ಇಳಿದ ಮೇಲೆ. ಗಡ್ಡೆ ಇರುವವರೆಗೆ ಅದೇ ಬಿರಡೆ. ಕರೆಂಟು ಬಂತು ಎಂದು ಖುಷಿಪಟ್ಟ ಮನೆಗಳಲ್ಲಿ ಗಡ್ಡೆ ಕರಗಿ ಅಟ್ಟದಿಂದ ನೀರು ಸುರಿಯಿತು, ಚಾವಣಿ ಕಳಚಿ ಹಾಸಿಗೆಯ ಮೇಲೆ ಬಿತ್ತು.

ನೀರಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸಾವಿರಾರು ಪೈಪು ಒಡೆದು ಸೋರಿ, ಲಕ್ಷಾಂತರ ನಲ್ಲಿ ತೊಟ್ಟಿಕ್ಕಿ ನಗರಗಳ ಟ್ಯಾಂಕುಗಳೇ ಬರಿದಾದವು. ಕೆಲವು ಕಡೆ ನೀರು ಶುದ್ಧ ಮಾಡುವ ಘಟಕಕ್ಕೇ ಕರೆಂಟು ಹೋಯಿತು. ಒತ್ತಡ ಇಳಿದ ಪೈಪಿನೊಳಗೆ ಕೊಳಕು ಸೇರುವ ಅಪಾಯ ಇರುವುದರಿಂದ 1 ಕೋಟಿ 40 ಲಕ್ಷಕ್ಕೂ ಹೆಚ್ಚು ಜನರಿಗೆ ನೀರು ಕುದಿಸಿಯೇ ಕುಡಿಯಿರಿ ಎಂದು ಹೇಳಬೇಕಾಯಿತು. ಕುದಿಸಲು ಒಲೆಗೆ ಕರೆಂಟಿಲ್ಲ. ಹಳ್ಳಿಗಳಲ್ಲಿ ಬೋರ್‌ವೆಲ್ ಇದ್ದವರ ಪಾಡೂ ಅದೇ, ಮೋಟಾರು ಓಡದಿದ್ದರೆ ನೀರೆಲ್ಲಿ? ಜನ ಅಂಗಳದ ಹಿಮವನ್ನು ಬಕೆಟ್ಟಿಗೆ ತುಂಬಿ, ಕರಗಿಸಿ ಕಕ್ಕಸಿಗೆ ಸುರಿದರು. ಮೊದಲೇ ಸ್ನಾನದ ತೊಟ್ಟಿ ತುಂಬಿಸಿಟ್ಟುಕೊಂಡವರೇ ಜಾಣರು. ಹಂಡೆ ಕೊಳಗ ಇರುವ ಮನೆಯಲ್ಲಿ ಬೆಳೆದ ನಮಗೆ ಇದು ದೊಡ್ಡ ವಿಷಯ ಅನ್ನಿಸುವುದಿಲ್ಲ.

ಬೆಚ್ಚಗಾಗಲು ಮಾಡಿದ ಉಪಾಯಗಳೇ ಕೆಲವರ ಜೀವ ತೆಗೆದವು. ಇದ್ದಿಲಿನ ಒಲೆಯನ್ನು ಮನೆಯೊಳಗೆ ತಂದರು, ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿ ಕೂತರು, ಜನರೇಟರನ್ನು ಬಾಗಿಲ ಬಳಿಯೇ ಓಡಿಸಿದರು. ಇವೆಲ್ಲ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಬಿಡುತ್ತವೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು ಬರುತ್ತದೆ, ಮಂಪರು ಬರುತ್ತದೆ, ಮಲಗಿದವರು ಏಳುವುದಿಲ್ಲ. ಹೀಗೆ 19 ಮಂದಿ ಸತ್ತರು. ನಮ್ಮಲ್ಲಿ ಬಾಣಂತಿ ಕೋಣೆಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಕಿಟಕಿ ಬಾಗಿಲು ಭದ್ರ ಮಾಡುವ ರೂಢಿ ಇದೆಯಲ್ಲ, ಅಲ್ಲೂ ಹುಟ್ಟುವುದು ಇದೇ ಅನಿಲ. ಕಿಟಕಿ ಸ್ವಲ್ಪ ತೆಗೆದಿಡಿ, ಮಲಗುವ ಮುನ್ನ ಕೆಂಡ ಹೊರಗಿಡಿ.

ಕರೆಂಟು ಬಂದ ಮೇಲೆ ಬಂದದ್ದು ಬಿಲ್ಲು. ಕೊರತೆ ಇದ್ದಾಗ ಬೆಲೆ ಏರಿದರೆ ಉತ್ಪಾದಕರು ಓಡಿ ಬರುತ್ತಾರೆ ಎಂಬ ಲೆಕ್ಕದಲ್ಲಿ ಅಲ್ಲಿಯ ಆಯೋಗ ಸಗಟು ಬೆಲೆಯನ್ನು ಗರಿಷ್ಠ ಮಿತಿಗೆ ಏರಿಸಿ ನಾಲ್ಕು ದಿನದಷ್ಟು ಅಲ್ಲೇ ಇಟ್ಟಿತು. ನಮ್ಮ ಲೆಕ್ಕದಲ್ಲಿ ಒಂದು ಯೂನಿಟ್ಟಿಗೆ ಸುಮಾರು 650 ರೂಪಾಯಿ. ಹಿಂದಿನ ವರ್ಷ ಅದೇ ಯೂನಿಟ್ಟು ಎರಡು ರೂಪಾಯಿ ಆಸುಪಾಸಿನಲ್ಲಿತ್ತು. ಹೆಪ್ಪುಗಟ್ಟಿದ ಯಂತ್ರ ಬೆಲೆ ನೋಡಿ ಕರಗುತ್ತದೆಯೇ!

ಈ ಬೆಲೆಗೆ ಮುಳುಗಿದವರಲ್ಲಿ ಹಳ್ಳಿಗರ ಸಹಕಾರ ಸಂಘವೊಂದಿದೆ. 1930ರ ದಶಕದವರೆಗೆ ಟೆಕ್ಸಾಸ್‌ನ ಹಳ್ಳಿಗಳಿಗೆ ತಂತಿ ಎಳೆಯಲು ಖಾಸಗಿ ಕಂಪನಿಗಳು ಒಪ್ಪಿರಲಿಲ್ಲ, ಲಾಭ ಇಲ್ಲ ಎಂದು. ಆಗ ಸರ್ಕಾರದ ಸಾಲ ಪಡೆದು ರೈತರೇ ವಿದ್ಯುತ್ ಸಹಕಾರ ಸಂಘ ಕಟ್ಟಿಕೊಂಡರು. ಅದೇ ಮಾದರಿಯನ್ನು ಅಮೆರಿಕದ ನೆರವಿನಲ್ಲಿ 1960ರ ದಶಕದ ಕೊನೆಗೆ ಭಾರತದ ಐದು ಕಡೆ ತಂದರು. ಅದರಲ್ಲಿ ಒಂದು ನಮ್ಮ ಬೆಳಗಾವಿ ಜಿಲ್ಲೆಯ ಹುಕ್ಕೇರಿಯ ಸಂಘ. ಟೆಕ್ಸಾಸ್‌ನ ಇಂಥ 16 ಸಂಘಗಳಿಗೆ ಕರೆಂಟು ಒದಗಿಸುತ್ತಿದ್ದ ಬ್ರಾಸೋಸ್ ಎಂಬ ಹಿರಿಯ ಸಂಘಕ್ಕೆ ಆ ಕೆಲವೇ ದಿನಗಳಿಗೆ 180 ಕೋಟಿ ಡಾಲರಿಗೂ ಹೆಚ್ಚು ಬಾಕಿ ಬಂತು. ಮಾರ್ಚ್ 1ರಂದು ಅದು ದಿವಾಳಿ ಅರ್ಜಿ ಹಾಕಿತು.

ಜೂನ್‌ನಲ್ಲಿ ಹೊಸ ಕಾನೂನು ಬಂತು. ವಿದ್ಯುತ್ ಘಟಕಗಳಿಗೆ ಚಳಿಯ ರಕ್ಷಣೆ ಈಗ ಕಡ್ಡಾಯ. 1989ರಲ್ಲಿ ಬರೆದ ಮಾತು ಕಾನೂನಾಗಲು 30 ವರ್ಷಕ್ಕೂ ಹೆಚ್ಚು ಬೇಕಾಯಿತು. 2022ರ ಕ್ರಿಸ್‌ಮಸ್ ಹೊತ್ತಿಗೆ ಮತ್ತೊಂದು ಹಿಮಗಾಳಿ ಅಮೆರಿಕವನ್ನು ಹೊಕ್ಕಿತು. ಟೆಕ್ಸಾಸ್ ಗ್ರಿಡ್ ಲೋಡ್ ಶೆಡ್ಡಿಂಗ್ ಇಲ್ಲದೆ ದಾಟಿತು. ಈ ಸಲ ಕತ್ತಲಾದದ್ದು ಟೆನೆಸಿ ಕಣಿವೆ. ಅಲ್ಲಿಯ ಸರ್ಕಾರಿ ಸಂಸ್ಥೆ ಟಿವಿಎ 1933ರಿಂದ ಇದೆ, ಅದು ಪಾಳಿಯ ಮೇಲೆ ಕರೆಂಟು ತೆಗೆದದ್ದು ಅದೇ ಮೊದಲು. ಕಲ್ಲಿದ್ದಲಿನ ದೊಡ್ಡ ಘಟಕವೊಂದರಲ್ಲಿ ಗಾಳಿಗೆ ತೆರೆದಿದ್ದ ಸಣ್ಣ ಕೊಳವೆಗಳು ಹೆಪ್ಪುಗಟ್ಟಿದ್ದವು.