ಆಡುವವರು ಇಬ್ಬರು, ಬಲ್ಲವರು ಹಲವರು

ಚದುರಂಗದ ಮಣೆಯ ಮುಂದೆ ಆಡುವವರು ಇಬ್ಬರೇ. ಸುತ್ತ ನಿಂತ ಬಲ್ಲವರಿಗೆ ಮಾತ್ರ ಲೆಕ್ಕವಿಲ್ಲ. ನ್ಯೂಯಾರ್ಕಿನ ವಾಷಿಂಗ್ಟನ್ ಸ್ಕ್ವೇರ್ ಉದ್ಯಾನವಾಗಲಿ, ನಮ್ಮೂರಿನ ಅರಳಿಕಟ್ಟೆಯಾಗಲಿ, ಈ ಮಾತು ಎರಡು ಕಡೆಗೂ ಸಲ್ಲುತ್ತದೆ. "ಅಯ್ಯೋ, ಆ ಕುದುರೆ ಎತ್ತಬಾರದಿತ್ತು ಕಣೋ" ಎಂಬ ದನಿ ಬೆನ್ನ ಹಿಂದಿನಿಂದ ಬಂದೇ ಬರುತ್ತದೆ. ಇಂಥವರಿಗೆ ಕನ್ನಡದಲ್ಲಿ ಅಧಿಕಪ್ರಸಂಗಿ ಎಂಬ ಸೊಗಸಾದ ಪದವಿದೆ. ಅಮೆರಿಕನ್ನರು 'ಕಿಬಿಟ್ಸರ್' ಎನ್ನುತ್ತಾರೆ. ಯೆಹೂದಿ ವಲಸಿಗರ ಯಿಡ್ಡಿಷ್ ಭಾಷೆಯಿಂದ ಇಂಗ್ಲಿಷಿಗೆ ಬಂದ ಪದವಿದು. ಇದಕ್ಕೆ ನಂಟಿರುವ 'ಕೀಬಿಟ್ಸ್' ಎಂಬ ಜರ್ಮನ್ ಪದ ಟಿಟ್ಟಿಭ ಹಕ್ಕಿಯ ಹೆಸರೂ ಹೌದು. ಕೆರೆಯಂಗಳದಲ್ಲಿ ಯಾರು ಹಾದುಹೋದರೂ ಕೂಗೆಬ್ಬಿಸುವ ಟಿಟ್ಟಿಭವನ್ನು ಕಂಡವರಿಗೆ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೇಳದೆ ಸಲಹೆ ಕೊಡುವ ಈ ಚಾಳಿಯ ಬಗ್ಗೆ ಸಾವಧಾನವಾಗಿ ಯೋಚಿಸಿ ಬರೆದವರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಒಬ್ಬ. ಮಿಂಚಿನ ವಿದ್ಯುತ್ತನ್ನು ಕುರಿತು ಅವನು ನಡೆಸಿದ ಪ್ರಯೋಗಗಳನ್ನು ಶಾಲೆಯಲ್ಲಿ ಓದಿದ ನಮಗೆ ಅವನ ಚದುರಂಗದ ಹುಚ್ಚು ಅಷ್ಟಾಗಿ ಗೊತ್ತಿಲ್ಲ. 1733ರಲ್ಲಿ ಅವನು ಇಟಾಲಿಯನ್ ಕಲಿಯತೊಡಗಿದಾಗ, ಅದನ್ನೇ ಕಲಿಯುತ್ತಿದ್ದ ಗೆಳೆಯನೊಬ್ಬ ಪದೇಪದೇ ಆಟಕ್ಕೆ ಕರೆಯುತ್ತಿದ್ದನಂತೆ. ಓದು ಹಿಂದೆ ಬೀಳಬಾರದಲ್ಲ, ಗೆದ್ದವನು ಸೋತವನಿಗೆ ಇಟಾಲಿಯನ್ ಪಾಠ ಒಪ್ಪಿಸುವ ಕೆಲಸ ಕೊಡಬೇಕು ಎಂದು ಇಬ್ಬರೂ ಕರಾರು ಮಾಡಿಕೊಂಡರು. ಸಾಟಿಯ ಆಟಗಾರರಾದ್ದರಿಂದ ಒಬ್ಬರನ್ನೊಬ್ಬರು ಸೋಲಿಸುತ್ತಲೇ ಇಬ್ಬರೂ ಭಾಷೆ ಕಲಿತರು.

'ಚದುರಂಗದ ನೀತಿ' ಎನ್ನಬಹುದಾದ ಅವನ ಸಣ್ಣ ಪ್ರಬಂಧ ಫಿಲಡೆಲ್ಫಿಯಾದ 'ಕೊಲಂಬಿಯನ್ ಮ್ಯಾಗಜಿನ್'ನಲ್ಲಿ 1786ರ ಡಿಸೆಂಬರಿನಲ್ಲಿ ಅಚ್ಚಾಯಿತು. ಆಗ ಅವನಿಗೆ 80 ವರ್ಷ. ಮುಂದಾಲೋಚನೆ, ಸುತ್ತಲೂ ನೋಡುವ ಎಚ್ಚರ, ಆತುರಪಡದಿರುವುದು, ಇವನ್ನೆಲ್ಲ ಆಟ ಕಲಿಸುತ್ತದೆ ಎಂದು ಮೊದಲು ಹೇಳುತ್ತಾನೆ. ಆಮೇಲೆ ನಡವಳಿಕೆಯ ಮಾತು. ಎದುರಾಳಿ ಯೋಚಿಸುವಾಗ ಹಾಡು ಗುನುಗಬೇಡಿ, ಸಿಳ್ಳೆ ಹಾಕಬೇಡಿ, ಗಡಿಯಾರ ನೋಡಬೇಡಿ, ಬೆರಳಿಂದ ಮೇಜು ಕುಟ್ಟಬೇಡಿ. ಗೆದ್ದಾಗ ಮೆರೆಯಬೇಡಿ.

ನೋಡುವವರ ಸರದಿ ಬಂದಾಗ ಫ್ರಾಂಕ್ಲಿನ್ ಇನ್ನಷ್ಟು ಬಿಗಿಯಾಗುತ್ತಾನೆ: ಅವರು ಪೂರ್ತಿ ಸುಮ್ಮನಿರಬೇಕು. ಸಲಹೆ ಕೊಟ್ಟರೆ ಇಬ್ಬರ ಮನಸ್ಸನ್ನೂ ನೋಯಿಸಿದಂತೆ. ಒಬ್ಬನಿಗೆ ಆಟವೇ ಕೈತಪ್ಪಬಹುದು. ಇನ್ನೊಬ್ಬನಿಗೆ ನಷ್ಟವೇನು, ಲಾಭವೇ ಅಲ್ಲವೇ ಎಂದು ನಮಗನಿಸುತ್ತದೆ. ಫ್ರಾಂಕ್ಲಿನ್ ಒಪ್ಪುವುದಿಲ್ಲ. ಸಲಹೆ ಒಳ್ಳೆಯದೇ ಆಗಿರಲಿ, ಅವನು ಅದರಂತೆಯೇ ನಡೆಯಲಿ, ಆದರೂ ಆ ನಡೆ ತನಗೇ ಹೊಳೆದಿದ್ದರೆ ಸಿಗುತ್ತಿದ್ದ ಸಂತೋಷ ಹೋಯಿತು ಎನ್ನುತ್ತಾನೆ. ಆಟ ಮುಂದೆ ಸಾಗಿದ ಮೇಲೂ ಕಾಯಿಗಳನ್ನು ಹಿಂದಕ್ಕಿಟ್ಟು "ಹೀಗೆ ಆಡಬೇಕಿತ್ತು" ಎಂದು ತೋರಿಸಕೂಡದು. ನಿಮ್ಮ ಜಾಣತನ ತೋರಿಸಲೇಬೇಕೆಂದಿದ್ದರೆ ನಿಮ್ಮದೇ ಆಟದಲ್ಲಿ ತೋರಿಸಿ.

ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ (1794–1868) ಚದುರಂಗದ ಮೋಹ ಬಹಳ. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿ ಆಟಗಳದೇ ಕಾರುಬಾರು. ಕುದುರೆ 64 ಮನೆಗಳನ್ನೂ ಒಂದೊಂದು ಸಲವೇ ಮುಟ್ಟಿಬರುವ ದಾರಿಗಳನ್ನು ಅವರು ರಚಿಸಿದ್ದಾರೆ. ಅಂಥ ದಾರಿ ಹುಡುಕುತ್ತ ಕೂತವನಿಗೆ ಪಕ್ಕದವನು ಉತ್ತರ ಉಸುರಿಬಿಟ್ಟರೆ ಉಳಿಯುವುದೇನು? ಉತ್ತರ ಉಳಿಯುತ್ತದೆ, ಒಗಟು ಸತ್ತುಹೋಗುತ್ತದೆ. ಹವ್ಯಾಸದಲ್ಲಿ ನಾವು ಹುಡುಕುವುದು ಬರೀ ಸರಿಯುತ್ತರವನ್ನಲ್ಲ. ಅದು ಸಿಕ್ಕ ಗಳಿಗೆಯನ್ನು.

ಹಾಗಾದರೆ ಯಾರೂ ಯಾರಿಗೂ ಏನೂ ಹೇಳಬಾರದೇ? ಪ್ರಬಂಧದ ಕೊನೆಗೆ ಬಂದರೆ ಫ್ರಾಂಕ್ಲಿನ್ ಒಂದು ಬಾಗಿಲು ತೆರೆದಿಟ್ಟಿರುವುದು ಕಾಣುತ್ತದೆ. ನಿಯಮಗಳನ್ನು ಬಿಗಿಯಾಗಿ ಹಿಡಿದು ಆಡುತ್ತಿಲ್ಲವಾದರೆ, ಎದುರಾಳಿ ಕಣ್ತಪ್ಪಿ ಕಾಯಿಯನ್ನು ಕಾವಲಿಲ್ಲದೆ ಬಿಟ್ಟಾಗ ಅವನಿಗೆ ಮೆಲ್ಲಗೆ ಹೇಳಿ ಎನ್ನುತ್ತಾನೆ. ನೀವು ಸೋಲಬಹುದು, ಆದರೆ ಅವನ ಗೌರವ, ಪ್ರೀತಿಯನ್ನು ಗೆಲ್ಲುತ್ತೀರಿ. ಪಕ್ಕದಲ್ಲಿ ನಿಂತವನಿಗೆ ಕೊಡದ ಹಕ್ಕನ್ನು ಎದುರಾಳಿಗೆ ಕೊಟ್ಟದ್ದೇಕೆ? ಫ್ರಾಂಕ್ಲಿನ್ ಕಾರಣ ಬಿಡಿಸಿ ಹೇಳುವುದಿಲ್ಲ. ನನಗೆ ತೋರುವುದಿಷ್ಟು: ನಿಂತವನು ಸಲಹೆಯಿಂದ ಕಳೆದುಕೊಳ್ಳುವುದು ಏನೂ ಇಲ್ಲ, ಅವನದು ಪುಕ್ಕಟೆ ಸಲಹೆ. ಎದುರಾಳಿಯಾದರೋ ತನ್ನ ಗೆಲುವನ್ನೇ ಪಣಕ್ಕಿಟ್ಟು ಮಾತಾಡುತ್ತಾನೆ. ಕೇಳದ ಸಲಹೆಗೂ ಬೆಲೆ ಬರುವುದು ಕೊಡುವವನು ಅದಕ್ಕಾಗಿ ಏನನ್ನಾದರೂ ತೆತ್ತಾಗ.

ಫ್ರಾಂಕ್ಲಿನ್ನನ ಬದುಕೇ ಇದಕ್ಕೆ ಸಾಕ್ಷಿ ನುಡಿಯುತ್ತದೆ. 1727ರಲ್ಲಿ, 21ರ ಹರೆಯದಲ್ಲಿ, ಅವನು 'ಜಂಟೊ' ಎಂಬ ಕೂಟ ಕಟ್ಟಿದ. ಗಾಜು ಕೂರಿಸುವವನು, ಜೋಡು ಹೊಲಿಯುವವನು, ಮರಗೆಲಸದವನು ಶುಕ್ರವಾರ ಸಂಜೆ ಸೇರಿ ಚರ್ಚೆ ಮಾಡುತ್ತಿದ್ದರು. ಜಗಳ ಬೆಳೆಯದಿರಲೆಂದು "ಇದು ಹೀಗೇ" ಎಂದು ಖಡಾಖಂಡಿತವಾಗಿ ಹೇಳುವುದಕ್ಕೂ, ಮುಖಕ್ಕೆ ಹೊಡೆದಂತೆ ಎದುರಾಡುವುದಕ್ಕೂ ಸಣ್ಣ ದಂಡ ಗೊತ್ತುಮಾಡಿದರು. ಇಂಥ ಕೂಟ ಕಟ್ಟಿದವನಿಗೇ ಮುಂದೊಮ್ಮೆ ಕ್ವೇಕರ್ ಪಂಥದ ಗೆಳೆಯನೊಬ್ಬ ಹೇಳಿದ: ಜನ ನಿನ್ನನ್ನು ಗರ್ವಿಷ್ಠ ಎಂದುಕೊಂಡಿದ್ದಾರೆ, ಮಾತಿನಲ್ಲಿ ಅದು ಎದ್ದು ಕಾಣುತ್ತದೆ. ಬರೀ ಹೇಳಲಿಲ್ಲ, ಪ್ರಸಂಗಗಳನ್ನೂ ಎತ್ತಿ ತೋರಿಸಿದ. ಫ್ರಾಂಕ್ಲಿನ್ ರೂಢಿಸಿಕೊಳ್ಳಬೇಕೆಂದು ಪಟ್ಟಿ ಮಾಡಿದ್ದ ಸದ್ಗುಣಗಳು ಅಲ್ಲಿಯವರೆಗೆ 12. ಹದಿಮೂರನೆಯದಾಗಿ ವಿನಯ ಸೇರಿದ್ದು ಈ ಮಾತಿನಿಂದ. 'ಖಂಡಿತ', 'ನಿಸ್ಸಂದೇಹ' ಎಂಬ ಪದಗಳನ್ನು ಬಿಟ್ಟು "ನನಗೆ ಸದ್ಯಕ್ಕೆ ಹೀಗೆ ತೋರುತ್ತದೆ" ಎನ್ನಲು ಕಲಿತ. ಆ ಗೆಳೆಯ ಸ್ನೇಹವನ್ನೇ ಪಣಕ್ಕಿಟ್ಟು ಮಾತಾಡಿದ್ದ.

ಕುಮಾರವ್ಯಾಸನನ್ನು ಗಮಕದಲ್ಲಿ ಕೇಳಿ ಬೆಳೆದವರಿಗೆ ಇಲ್ಲಿ ಇನ್ನೊಂದು ಆಟ ನೆನಪಾದೀತು. ಹಸ್ತಿನಾವತಿಯ ದ್ಯೂತಸಭೆಯಲ್ಲಿ ನೋಡುವವರೆಲ್ಲ ಬಾಯಿಬಿಡದೆ ಕೂತಿದ್ದರೆ ಅದನ್ನು ಆಟದ ಮರ್ಯಾದೆ ಎನ್ನಬಹುದಿತ್ತೇ? ಪಣಕ್ಕೆ ಬಿದ್ದದ್ದು ರಾಜ್ಯ, ತಮ್ಮಂದಿರು, ಹೆಂಡತಿ. ಅದು ಆಟವಾಗಿ ಉಳಿದಿರಲಿಲ್ಲ. ವಿದುರ ಸುಮ್ಮನಿರಲಿಲ್ಲ, ನಿಲ್ಲಿಸು ಎಂದು ಧೃತರಾಷ್ಟ್ರನಿಗೆ ಹೇಳಿದ. ಅದಕ್ಕೆ ತೆತ್ತದ್ದೂ ಕಡಿಮೆಯಲ್ಲ: ಅಂದೇ ದುರ್ಯೋಧನನ ಬೈಗುಳ, ಆಮೇಲೆ ಅಣ್ಣನ ಬಾಯಿಂದಲೇ "ಹೊರಟುಹೋಗು" ಎಂಬ ಮಾತು. ವಿದುರನನ್ನು ಅಧಿಕಪ್ರಸಂಗಿ ಎಂದು ಯಾರೂ ಕರೆಯುವುದಿಲ್ಲ.

ಚದುರಂಗ ಪಂದ್ಯಗಳ ಅಂತರರಾಷ್ಟ್ರೀಯ ನಿಯಮಗಳಲ್ಲಿ ಇಂದಿಗೂ ಪ್ರೇಕ್ಷಕ ಆಟದಲ್ಲಿ ತಲೆಹಾಕುವಂತಿಲ್ಲ. ತಲೆಹಾಕಿದವನನ್ನು ತೀರ್ಪುಗಾರ ಹೊರಗೆ ಕಳಿಸಬಹುದು. ಆದರೆ ನಿಯಮ ಮುರಿದದ್ದು ಕಂಡರೆ ತೀರ್ಪುಗಾರನಿಗೆ ಮಾತ್ರ ತಿಳಿಸಬಹುದು. ನಡೆಗೆ ಮೌನ, ಅನ್ಯಾಯಕ್ಕೆ ಮಾತು. ಎರಡನ್ನೂ ಬೇರೆಬೇರೆಯಾಗಿ ಕಂಡದ್ದು ಜಾಣತನ.

ನಮ್ಮ ಕನ್ನಡ ಕೂಟಗಳಲ್ಲಿ ತೀರ್ಪುಗಾರರಿಲ್ಲ. ಯಾರೋ ಮೊದಲ ಸಲ ಹೋಳಿಗೆ ತಟ್ಟಿ ತಂದಿರುತ್ತಾರೆ, ಯಾರದೋ ಮಗಳು ಅರ್ಧಂಬರ್ಧ ಕನ್ನಡದಲ್ಲಿ ಭಾವಗೀತೆ ಹಾಡಿರುತ್ತಾಳೆ, ಯಾರೋ ಚಳಿನಾಡಿನ ಕುಂಡದಲ್ಲಿ ಕರಿಬೇವು ಬೆಳೆಸಲು ಹೆಣಗುತ್ತಿರುತ್ತಾರೆ. ಕಣಕ ಬಿರುಸಾಯಿತು, 'ಳ' ತಪ್ಪಿತು, ನೀರು ಜಾಸ್ತಿಯಾಯಿತು ಎಂದು ನಾಲಿಗೆ ತುರಿಸುತ್ತದೆ. ಆ ಗಳಿಗೆಯಲ್ಲಿ ಒಂದು ಪ್ರಶ್ನೆ ಸಾಕು: ಈ ಮಾತಿಗೆ ನಾನು ಕೊಡುವುದೇನು? ಮುಂದಿನ ಶನಿವಾರ ಅವರ ಅಡುಗೆಮನೆಯಲ್ಲಿ ನಿಂತು ಕಣಕ ನಾದಲು, ಆ ಹುಡುಗಿಯ ಜೊತೆ ಕೂತು ಹಾಡಲು ಸಮಯವಿದ್ದರೆ ಹೇಳೋಣ. ಇಲ್ಲವಾದರೆ ಹೋಳಿಗೆ ತಿಂದು "ಚೆನ್ನಾಗಿತ್ತು" ಅನ್ನೋಣ. ಕೇಳಿದಾಗ ಹೇಳಲು ನಮ್ಮ ಬಳಿ ಮಾತು ಇದ್ದೇ ಇರುತ್ತದೆ.